ಸಾಲದ ಜಾಹೀರಾತು ತಡೆಯಲು ಹೋದರೆ ಬ್ಯಾಂಕಿನ ಇಮೇಲ್ ಕೂಡ ಮಾಯ: ಜಿಮೇಲ್ ಫಿಲ್ಟರ್ ಹಾಕುವ ಸರಿಯಾದ ಕ್ರಮ

ಪ್ರಶ್ನೆ: ಹತ್ತು ವರ್ಷಕ್ಕೂ ಮೇಲಾಗಿ ಒಂದೇ ಜಿಮೇಲ್ ವಿಳಾಸ ಬಳಸುತ್ತಿದ್ದೇನೆ. ದಿನಕ್ಕೆ ಎಂಬತ್ತು ತೊಂಬತ್ತು ಮೇಲ್ ಬರುತ್ತವೆ, ಓದಬೇಕಾದವು ಐದೋ ಆರೋ. 'ಲೋನ್' ಎಂಬ ಪದ ಇರುವ ಮೇಲ್‌ಗಳೆಲ್ಲ ತಾನಾಗಿಯೇ ಡಿಲೀಟ್ ಆಗುವಂತೆ ಫಿಲ್ಟರ್ ಹಾಕಿದೆ. ಕಾಟ ಕಡಿಮೆಯಾಗಲಿಲ್ಲ. ಬದಲಿಗೆ ಬ್ಯಾಂಕಿನಿಂದ ಬರಬೇಕಿದ್ದ ಗೃಹಸಾಲದ ಬಡ್ಡಿ ಪ್ರಮಾಣಪತ್ರವೇ ಕಾಣುತ್ತಿಲ್ಲ. ಇತ್ತ ನಮ್ಮ ಕಾಲೇಜಿನಿಂದ ಕಳಿಸುವ ಮೇಲ್‌ಗಳು ವಿದ್ಯಾರ್ಥಿಗಳ ಸ್ಪ್ಯಾಮ್‌ಗೆ ಹೋಗುತ್ತಿವೆ. ಫಿಲ್ಟರ್ ಹೇಗೆ ಹಾಕಿದರೆ ಸರಿ?
– ಪದವಿ ಕಾಲೇಜು ಉಪನ್ಯಾಸಕರು, ಹಾವೇರಿ ಜಿಲ್ಲೆ

ಉತ್ತರ: ಮೊದಲು ಆ ಪ್ರಮಾಣಪತ್ರ ಹುಡುಕಿ, ಏಕೆಂದರೆ ಅದಕ್ಕೆ ಗಡುವಿದೆ. ಫಿಲ್ಟರ್ ಡಿಲೀಟ್ ಮಾಡಿದ ಮೇಲ್ ನೇರವಾಗಿ ನಾಶವಾಗುವುದಿಲ್ಲ, ಟ್ರ್ಯಾಶ್‌ಗೆ ಹೋಗುತ್ತದೆ. ಅಲ್ಲಿ 30 ದಿನ ಇರುತ್ತದೆ, ಆಮೇಲೆ ಜಿಮೇಲ್ ಅದನ್ನು ಪೂರ್ತಿ ಅಳಿಸುತ್ತದೆ. ಮಾಮೂಲಿ ಹುಡುಕಾಟ ಟ್ರ್ಯಾಶ್ ಮತ್ತು ಸ್ಪ್ಯಾಮ್ ಒಳಗೆ ಇಣುಕುವುದೇ ಇಲ್ಲ. ಹಾಗಾಗಿ 'ಹುಡುಕಿದೆ, ಸಿಗಲಿಲ್ಲ' ಎಂದು ಬಹಳ ಮಂದಿ ಕೈಬಿಡುತ್ತಾರೆ. ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು, ಸರ್ಚ್ ಬಾಕ್ಸಿನ ಬಲತುದಿಯಲ್ಲಿರುವ ಚಿಕ್ಕ ಗೆರೆಗಳ ಗುರುತನ್ನು ಒತ್ತಿ. ಖಾನೆಗಳಿರುವ ಒಂದು ಫಾರಂ ತೆರೆದುಕೊಳ್ಳುತ್ತದೆ. ಅದರ ಕೆಳಭಾಗದ 'ಸರ್ಚ್' ಪಟ್ಟಿಯಲ್ಲಿ 'ಮೇಲ್, ಸ್ಪ್ಯಾಮ್ ಮತ್ತು ಟ್ರ್ಯಾಶ್' ಎಂಬುದನ್ನು ಆರಿಸಿ, 'ಫ್ರಮ್' ಖಾನೆಯಲ್ಲಿ ಬ್ಯಾಂಕಿನ ಹೆಸರು ಕೊಟ್ಟು ಹುಡುಕಿ. ಸಿಕ್ಕರೆ 'ಮೂವ್ ಟು ಇನ್‌ಬಾಕ್ಸ್' ಮಾಡಿ. 30 ದಿನ ದಾಟಿದ್ದರೆ ಮೇಲ್‌ನ ಆಸೆ ಬಿಡಿ. ಬಡ್ಡಿ ಪ್ರಮಾಣಪತ್ರವನ್ನು ನೆಟ್ ಬ್ಯಾಂಕಿಂಗ್‌ನಲ್ಲಿ ಇಲ್ಲವೇ ಶಾಖೆಯಲ್ಲಿ ಮತ್ತೆ ಪಡೆಯಬಹುದು.

ಕೂಡಲೇ ಆ ಫಿಲ್ಟರನ್ನೂ ತೆಗೆಯಿರಿ: ಸೆಟ್ಟಿಂಗ್ಸ್, ಅಲ್ಲಿ 'ಸೀ ಆಲ್ ಸೆಟ್ಟಿಂಗ್ಸ್', ಮೇಲಿನ ಸಾಲಿನಲ್ಲಿ 'ಫಿಲ್ಟರ್ಸ್ ಆ್ಯಂಡ್ ಬ್ಲಾಕ್ಡ್ ಅಡ್ರೆಸಸ್'. ಈ ಕೆಲಸಗಳಿಗೆಲ್ಲ ಕಂಪ್ಯೂಟರಿನ ಬ್ರೌಸರ್ ಬೇಕು. ಮೊಬೈಲಿನ ಜಿಮೇಲ್ ಆ್ಯಪ್‌ನಲ್ಲಿ ಫಿಲ್ಟರ್ ಮಾಡುವ ಸೌಲಭ್ಯ ಇಲ್ಲ. ಕಂಪ್ಯೂಟರಿನಲ್ಲಿ ಒಮ್ಮೆ ಮಾಡಿಟ್ಟ ಫಿಲ್ಟರ್ ಮಾತ್ರ ಮೊಬೈಲಿಗೂ ಅನ್ವಯಿಸುತ್ತದೆ.

ನಿಮ್ಮ ಫಿಲ್ಟರ್ ಕಳೆ ಕೀಳಲು ಹೋಗಿ ಪೈರು ಕಿತ್ತದ್ದು ಯಾಕೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಅದು ತಿಳಿದರೆ ಮುಂದಿನದು ಸಲೀಸು.

ಜಿಮೇಲ್ ಫಿಲ್ಟರ್ ಪದವನ್ನು ಇಡಿಯಾಗಿ ಹೊಂದಿಸಿ ನೋಡುತ್ತದೆ, ಪದದ ಒಳಗಿನ ತುಣುಕನ್ನು ಹುಡುಕುವುದಿಲ್ಲ. 'ಪರ್ಸನಲ್ ಲೋನ್' ಎಂಬುದನ್ನು ಜಾಗ ಬಿಡದೆ ಒಂದೇ ಪದವಾಗಿ ಬರೆದರೆ ನಿಮ್ಮ 'ಲೋನ್' ಫಿಲ್ಟರ್‌ಗೆ ಅದು ಕಾಣುವುದಿಲ್ಲ. ಇಂಗ್ಲಿಷಿನ 'ಓ' ಅಕ್ಷರದ ಜಾಗದಲ್ಲಿ ಸೊನ್ನೆ ಹಾಕಿದರೂ, ನೋಡಲು ಹಾಗೆಯೇ ಇರುವ ರಷ್ಯನ್ ಲಿಪಿಯ ಅಕ್ಷರ ಹಾಕಿದರೂ ಅದು ಬೇರೆ ಪದವಾಗುತ್ತದೆ. ಮಾತನ್ನೆಲ್ಲ ಚಿತ್ರದೊಳಗೆ ಬರೆದು ಕಳಿಸಿದರೆ ಹೊಂದಿಸಲು ಪಠ್ಯವೇ ಇರುವುದಿಲ್ಲ. ಸ್ಪ್ಯಾಮ್ ಕಳಿಸುವವರ ಕಸುಬೇ ಇದು. ಬ್ಯಾಂಕಿನವರು ಹೀಗೆ ವೇಷ ಹಾಕುವುದಿಲ್ಲ, 'ಲೋನ್' ಎಂಬುದನ್ನು 'ಲೋನ್' ಎಂದೇ ಬರೆಯುತ್ತಾರೆ. ಆದ್ದರಿಂದ ಪದ ನೋಡಿ ಅಳಿಸುವ ಫಿಲ್ಟರ್‌ಗೆ ಮೊದಲು ಬಲಿಯಾಗುವುದು ಪ್ರಾಮಾಣಿಕ ಮೇಲ್.

ಕನ್ನಡ ಪದಗಳ ಮೇಲೆ ಫಿಲ್ಟರ್ ಹಾಕುವವರಿಗೆ ಇನ್ನೂ ಒಂದು ತೊಡಕು. ನಮ್ಮ ಭಾಷೆಯಲ್ಲಿ ವಿಭಕ್ತಿ ಪದಕ್ಕೇ ಅಂಟಿಕೊಳ್ಳುತ್ತದೆ. 'ಸಾಲ' ಎಂದು ಕೊಟ್ಟರೆ 'ಸಾಲಕ್ಕೆ', 'ಸಾಲವನ್ನು', 'ಸಾಲದಿಂದ' ಇರುವ ಮೇಲ್‌ಗಳೂ ಸಿಕ್ಕಿಬೀಳುತ್ತವೆ ಎಂದು ನೆಚ್ಚುವಂತಿಲ್ಲ. ಬೇಕಾದ ರೂಪಗಳನ್ನೆಲ್ಲ ಒಂದೊಂದಾಗಿ ಕೊಡಬೇಕಾಗುತ್ತದೆ.

ಹಾಗಾದರೆ ಸ್ಪ್ಯಾಮ್ ಹಿಡಿಯುವವರು ಯಾರು? ಜಿಮೇಲ್‌ನ ಸ್ವಂತ ಸ್ಪ್ಯಾಮ್ ಜರಡಿ. ಅದು ಒಂದು ಪದವನ್ನಲ್ಲ, ಕಳಿಸಿದ ಸರ್ವರ್ ಯಾವುದು, ಮೇಲ್‌ನ ಡಿಜಿಟಲ್ ಸಹಿ ಸರಿಯಿದೆಯೇ, ಒಳಗಿನ ಲಿಂಕ್ ಎಲ್ಲಿಗೆ ಒಯ್ಯುತ್ತದೆ, ಇಂಥದೇ ಮೇಲ್‌ ಬಗ್ಗೆ ಬೇರೆ ಬಳಕೆದಾರರು ದೂರು ಕೊಟ್ಟಿದ್ದಾರೆಯೇ ಎಂಬ ನೂರೆಂಟು ಸುಳಿವುಗಳನ್ನು ಒಟ್ಟಿಗೆ ತೂಗುತ್ತದೆ. ಆ ಕೆಲಸದಲ್ಲಿ ನಾವು ಕೈಯಾರೆ ಬರೆದ ಫಿಲ್ಟರ್ ಅದಕ್ಕೆ ಸರಿಸಾಟಿಯಾಗಲಾರದು. ನಮಗೆ ಗೊತ್ತಿದ್ದು ಅದಕ್ಕೆ ಗೊತ್ತಿಲ್ಲದ ಸಂಗತಿ ಒಂದೇ: ನಮಗೆ ಬೇಕಾದವರು ಯಾರು ಎಂಬುದು. ಸ್ಪ್ಯಾಮ್ ಕಳಿಸುವವರ ವಿಳಾಸ ದಿನಾ ಬದಲಾಗುತ್ತದೆ. ನಿಮಗೆ ಬೇಕಾದವರ ಪಟ್ಟಿ ಮೂವತ್ತು ನಲವತ್ತು ದಾಟುವುದಿಲ್ಲ, ವರ್ಷಗಟ್ಟಲೆ ಹಾಗೇ ಇರುತ್ತದೆ. ಆದ್ದರಿಂದ ಬೇಡದ್ದನ್ನು ಹೊಡೆಯುವುದಕ್ಕಿಂತ ಮೊದಲು ಬೇಕಾದ್ದನ್ನು ಕಾಯುವುದಕ್ಕೆ ಫಿಲ್ಟರ್ ಬಳಸಿ.

ಮೊದಲ ಫಿಲ್ಟರ್: ಬೇಕಾದವರಿಗೆ ದಾರಿ

ಕಾಗದ ತೆಗೆದುಕೊಂಡು ಪಟ್ಟಿ ಮಾಡಿ: ಬ್ಯಾಂಕ್, ಆದಾಯ ತೆರಿಗೆ ಇಲಾಖೆ, ಕಾಲೇಜು, ವಿಶ್ವವಿದ್ಯಾಲಯ, ವಿಮೆ, ರೈಲ್ವೆ ಟಿಕೆಟ್, ಮಕ್ಕಳ ಶಾಲೆ. ಪ್ರತಿಯೊಬ್ಬರಿಂದ ಬಂದ ಒಂದು ಹಳೆಯ, ಖಚಿತವಾಗಿ ಅಸಲಿ ಎಂದು ಗೊತ್ತಿರುವ ಮೇಲ್ ತೆರೆಯಿರಿ. ಕಳಿಸಿದವರ ಹೆಸರಿನ ಕೆಳಗೆ 'ಟು ಮಿ' ಎಂಬುದರ ಪಕ್ಕದ ಚಿಕ್ಕ ಬಾಣ ಒತ್ತಿದರೆ ವಿವರ ಕಾಣುತ್ತದೆ. ಅದರಲ್ಲಿ 'ಫ್ರಮ್', 'ಮೇಲ್ಡ್ ಬೈ', 'ಸೈನ್ಡ್ ಬೈ' ಎಂಬ ಸಾಲುಗಳಿರುತ್ತವೆ. 'ಫ್ರಮ್' ಸಾಲಿನ ವಿಳಾಸದಲ್ಲಿ ಅಟ್ ಗುರುತಿನ ಬಲಗಡೆ ಇರುವ ಡೊಮೇನ್ ಬರೆದುಕೊಳ್ಳಿ. 'ಸೈನ್ಡ್ ಬೈ' ಸಾಲಿನಲ್ಲೂ ಅದೇ ಸಂಸ್ಥೆಯ ಡೊಮೇನ್ ಇದ್ದರೆ ನಂಬಬಹುದು.

ಈಗ ಅದೇ ಸರ್ಚ್ ಫಾರಂ ತೆರೆದು 'ಫ್ರಮ್' ಖಾನೆಯಲ್ಲಿ ಆ ಡೊಮೇನ್‌ಗಳನ್ನು ಅಟ್ ಗುರುತಿನ ಸಮೇತ ಬರೆಯಿರಿ. ಎರಡು ಡೊಮೇನ್‌ಗಳ ನಡುವೆ 'ಅಥವಾ' ಎಂಬ ಅರ್ಥದ ಇಂಗ್ಲಿಷಿನ 'ಆರ್' ಪದವನ್ನು ದೊಡ್ಡಕ್ಷರದಲ್ಲೇ ಹಾಕಬೇಕು. ಸಣ್ಣಕ್ಷರದಲ್ಲಿ ಬರೆದರೆ ಅದನ್ನೂ ಹುಡುಕಬೇಕಾದ ಪದವೆಂದು ತಿಳಿಯುತ್ತದೆ, ಫಿಲ್ಟರ್ ಯಾವುದನ್ನೂ ಹಿಡಿಯುವುದಿಲ್ಲ. ಎಲ್ಲವನ್ನೂ ಒಂದೇ ಫಿಲ್ಟರ್‌ಗೆ ತುರುಕಬೇಡಿ. ಹಣಕಾಸಿಗೊಂದು, ಕಾಲೇಜಿಗೊಂದು, ಮನೆಯ ಕೆಲಸಕ್ಕೊಂದು ಮಾಡಿದರೆ ಆಮೇಲೆ ತಿದ್ದುವುದು ಸುಲಭ. 'ಕ್ರಿಯೇಟ್ ಫಿಲ್ಟರ್' ಒತ್ತುವ ಮುನ್ನ ಒಮ್ಮೆ 'ಸರ್ಚ್' ಒತ್ತಿ, ಏನೇನು ಸಿಗುತ್ತದೆ ನೋಡಿ. ಅಲ್ಲಿ ಕಂಡದ್ದನ್ನೇ ಫಿಲ್ಟರ್ ಮುಂದೆ ಹಿಡಿಯುವುದು.

ಬಳಿಕ ಬರುವ ಆಯ್ಕೆಗಳಲ್ಲಿ ಮೂರಕ್ಕೆ ಟಿಕ್ ಹಾಕಿ: 'ನೆವರ್ ಸೆಂಡ್ ಇಟ್ ಟು ಸ್ಪ್ಯಾಮ್', 'ಅಪ್ಲೈ ದ ಲೇಬಲ್', 'ಕೆಟಗರೈಸ್ ಆ್ಯಸ್ ಪ್ರೈಮರಿ'. ಲೇಬಲ್ ಹೆಸರು ಕನ್ನಡದಲ್ಲೇ ಇರಲಿ, 'ಹಣಕಾಸು', 'ಕಾಲೇಜು' ಎಂದು. 'ಆಲ್ಸೋ ಅಪ್ಲೈ' ಎಂದು ಶುರುವಾಗುವ ಕೊನೆಯ ಟಿಕ್ ಹಾಕಿದರೆ ಹಳೆಯ ಮೇಲ್‌ಗಳಿಗೂ ಲೇಬಲ್ ಬೀಳುತ್ತದೆ. ಆದರೆ ಈಗಾಗಲೇ ಸ್ಪ್ಯಾಮ್ ಸೇರಿದವುಗಳನ್ನು ಅದು ಹೊರಗೆ ತರುವುದಿಲ್ಲ. ಅವನ್ನು ನೀವೇ ಹೋಗಿ 'ನಾಟ್ ಸ್ಪ್ಯಾಮ್' ಒತ್ತಿ ತರಬೇಕು.

ಇಲ್ಲಿ ಒಂದು ಎಚ್ಚರಿಕೆ, ಈ ಉತ್ತರದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು. 'ಫ್ರಮ್' ಖಾನೆ ವಿಳಾಸವನ್ನು ಮಾತ್ರ ನೋಡುವುದಿಲ್ಲ, ಕಳಿಸಿದವರು ಇಟ್ಟುಕೊಂಡ ಹೆಸರನ್ನೂ ನೋಡುತ್ತದೆ. ಹೆಸರನ್ನು ಯಾರು ಏನೆಂದು ಬೇಕಾದರೂ ಇಟ್ಟುಕೊಳ್ಳಬಹುದು. ನೀವು ಅಲ್ಲಿ ಬರೀ 'ಎಸ್‌ಬಿಐ' ಎಂದು ಕೊಟ್ಟು 'ಸ್ಪ್ಯಾಮ್‌ಗೆ ಕಳಿಸಬೇಡ' ಎಂದರೆ, ತನ್ನ ಹೆಸರನ್ನು ಹಾಗೆ ಇಟ್ಟುಕೊಂಡ ವಂಚಕನಿಗೆ ಇನ್‌ಬಾಕ್ಸಿನ ಬಾಗಿಲು ತೆರೆದಂತೆಯೇ. ಜಿಮೇಲ್ ಹಿಡಿದಿಟ್ಟ ಮೋಸದ ಮೇಲನ್ನು ನಿಮ್ಮ ಫಿಲ್ಟರ್ ಬಿಡಿಸಿ ತರುತ್ತದೆ. ಅದಕ್ಕೇ ಪೂರ್ತಿ ಡೊಮೇನ್, ಇಲ್ಲವೇ ಪೂರ್ತಿ ವಿಳಾಸ. ಜಿಮೇಲ್‌ನಂಥ ಸಾರ್ವಜನಿಕ ಡೊಮೇನನ್ನು ಇಡಿಯಾಗಿ ಎಂದೂ ಹಾಕಬೇಡಿ. ಸ್ನೇಹಿತರದ್ದಾದರೆ ಒಂದೊಂದೇ ವಿಳಾಸ ಕೊಡಿ. 'ನೀವು ಮಾಡಿದ ಫಿಲ್ಟರ್‌ನಿಂದಾಗಿ ಇದು ಸ್ಪ್ಯಾಮ್‌ಗೆ ಹೋಗಲಿಲ್ಲ' ಎಂಬ ಸೂಚನೆ ಯಾವುದಾದರೂ ಮೇಲ್‌ನ ತಲೆಯಲ್ಲಿ ಕಂಡರೆ ಅದನ್ನು ಹಗುರವಾಗಿ ಬಿಡಬೇಡಿ. ಜಿಮೇಲ್ ಅದನ್ನು ಸ್ಪ್ಯಾಮ್ ಎಂದೇ ತೀರ್ಮಾನಿಸಿತ್ತು.

ಬ್ಯಾಂಕುಗಳ ವಿಷಯದಲ್ಲಿ ಈಗ ಒಂದು ಬದಲಾವಣೆ ನಡೆದಿದೆ. ಬ್ಯಾಂಕುಗಳು ತಮ್ಮ ತಾಣಗಳನ್ನು 'ಡಾಟ್ ಬ್ಯಾಂಕ್ ಡಾಟ್ ಇನ್' ವಿಳಾಸಕ್ಕೆ 2025ರ ಅಕ್ಟೋಬರ್ 31ರೊಳಗೆ ವರ್ಗಾಯಿಸಬೇಕೆಂದು ಭಾರತೀಯ ರಿಸರ್ವ್ ಬ್ಯಾಂಕ್ ಅದೇ ವರ್ಷ ಏಪ್ರಿಲ್‌ನಲ್ಲಿ ಸೂಚಿಸಿತು. ಈ ಡೊಮೇನ್ ನೋಂದಣಿ ರಿಸರ್ವ್ ಬ್ಯಾಂಕೇ ಸ್ಥಾಪಿಸಿದ ಹೈದರಾಬಾದಿನ ಐಡಿಆರ್‌ಬಿಟಿ ಸಂಸ್ಥೆಯ ಮೂಲಕವೇ ಆಗಬೇಕು, ಬ್ಯಾಂಕುಗಳಿಗೆ ಮಾತ್ರ ಸಿಗುತ್ತದೆ. ಹಾಗಾಗಿ ಹಳೆಯ ಡೊಮೇನ್ ಮೇಲೆ ಕಟ್ಟಿದ ಫಿಲ್ಟರ್ ಒಂದು ದಿನ ಸದ್ದಿಲ್ಲದೆ ಕೆಲಸ ನಿಲ್ಲಿಸಬಹುದು. ನಿಮ್ಮ ಬ್ಯಾಂಕಿನ ಇತ್ತೀಚಿನ ಮೇಲ್ ಯಾವ ವಿಳಾಸದಿಂದ ಬಂದಿದೆ ನೋಡಿ, ಹಳೆಯದು ಹೊಸದು ಎರಡನ್ನೂ ಸೇರಿಸಿ. ಡೊಮೇನನ್ನು ಯಾವಾಗಲೂ ಬಲದಿಂದ ಎಡಕ್ಕೆ ಓದಿ. ಹೊಸ ವಿಳಾಸದ ಕಟ್ಟಕಡೆಯಲ್ಲಿ 'ಡಾಟ್ ಬ್ಯಾಂಕ್ ಡಾಟ್ ಇನ್' ಇರಬೇಕು. ಅದು ನಡುವೆ ಎಲ್ಲೋ ಬಂದು, ಕೊನೆಯಲ್ಲಿ 'ಡಾಟ್ ಕಾಮ್' ಇದ್ದರೆ ಅದು ಬ್ಯಾಂಕಿನದಲ್ಲ. ಸರ್ಕಾರಿ ಇಲಾಖೆಗಳ 'ಡಾಟ್ ಜಿಒವಿ ಡಾಟ್ ಇನ್'ಗೂ ಇದೇ ಮಾತು.

ಎರಡನೆಯದು: ಜಾಹೀರಾತನ್ನು ಪಕ್ಕಕ್ಕಿಡುವ ಫಿಲ್ಟರ್

ನಿಮ್ಮ ಎಂಬತ್ತು ಮೇಲ್‌ಗಳಲ್ಲಿ ಬಹುಪಾಲು ನಿಜವಾದ ಅರ್ಥದಲ್ಲಿ ಸ್ಪ್ಯಾಮ್ ಅಲ್ಲ. ಎಂದೋ ಸೀರೆ ಕೊಂಡ ಅಂಗಡಿ, ಬಸ್ ಟಿಕೆಟ್ ತಾಣ, ಒಮ್ಮೆ ನೋಡಿದ ನಿವೇಶನದ ಕಂಪನಿ ಕಳಿಸುವ ಸಗಟು ಮೇಲ್‌ಗಳವು. ಅವು ಸಾಮಾನ್ಯವಾಗಿ ಕೆಳಗೆ ಸಣ್ಣಕ್ಷರದಲ್ಲಿ 'ಅನ್‌ಸಬ್‌ಸ್ಕ್ರೈಬ್' ಎಂಬ ಕೊಂಡಿ ಇಟ್ಟಿರುತ್ತವೆ. ಆ ಇಂಗ್ಲಿಷ್ ಪದವನ್ನೇ 'ಹ್ಯಾಸ್ ದ ವರ್ಡ್ಸ್' ಖಾನೆಯಲ್ಲಿ ಕೊಟ್ಟು, 'ಸ್ಕಿಪ್ ದ ಇನ್‌ಬಾಕ್ಸ್' ಮತ್ತು 'ಜಾಹೀರಾತು' ಎಂಬ ಲೇಬಲ್‌ಗೆ ಟಿಕ್ ಹಾಕಿದರೆ ಇನ್‌ಬಾಕ್ಸ್ ಒಂದೇ ದಿನದಲ್ಲಿ ಹಗುರಾಗುತ್ತದೆ.

ತೊಂದರೆ ಎಲ್ಲಿ ಬರುತ್ತದೆಂದರೆ, ಬ್ಯಾಂಕಿನ ಸ್ಟೇಟ್‌ಮೆಂಟ್, ಕೆಲವು ಕಾಲೇಜುಗಳ ಪ್ರಕಟಣೆ, ವಿಚಾರ ಸಂಕಿರಣದ ಆಹ್ವಾನ ಇವುಗಳಲ್ಲೂ ಆ ಕೊಂಡಿ ಇರಬಹುದು. ಜಿಮೇಲ್‌ನಲ್ಲಿ ಫಿಲ್ಟರ್‌ಗಳಿಗೆ ಮೇಲು ಕೆಳಗೆಂಬ ಕ್ರಮ ಇಲ್ಲ. ಒಂದು ಮೇಲ್‌ಗೆ ಹೊಂದುವ ಫಿಲ್ಟರ್‌ಗಳೆಲ್ಲವೂ ಅದರ ಮೇಲೆ ನಡೆಯುತ್ತವೆ. ಮೊದಲ ಫಿಲ್ಟರ್ 'ಪ್ರೈಮರಿ' ಎಂದರೂ ಎರಡನೆಯದು 'ಇನ್‌ಬಾಕ್ಸ್ ಬೇಡ' ಎಂದರೆ ಮೇಲ್ ಇನ್‌ಬಾಕ್ಸಿನಲ್ಲಿ ಇರುವುದಿಲ್ಲ. (ಔಟ್‌ಲುಕ್ ಬಳಸುವವರಿಗೆ ಈ ತಾಪತ್ರಯ ಕಡಿಮೆ. ಅಲ್ಲಿ ನಿಯಮಗಳು ಪಟ್ಟಿಯ ಕ್ರಮದಲ್ಲೇ ನಡೆಯುತ್ತವೆ, 'ಮುಂದಿನ ನಿಯಮ ನೋಡಬೇಡ' ಎಂಬ ಆಯ್ಕೆಯೂ ಇದೆ.) ಆದ್ದರಿಂದ ವಿನಾಯಿತಿಯನ್ನು ಎರಡನೆಯ ಫಿಲ್ಟರ್ ಒಳಗೇ ಬರೆಯಬೇಕು. 'ಅನ್‌ಸಬ್‌ಸ್ಕ್ರೈಬ್' ಪದದ ಮುಂದೆ ಜಾಗ ಬಿಟ್ಟು, ಮೈನಸ್ ಗುರುತು, ಅದಕ್ಕೆ ತಾಗಿಕೊಂಡೇ ಇಂಗ್ಲಿಷಿನ 'ಫ್ರಮ್', ಕೋಲನ್, ಆವರಣ ಚಿಹ್ನೆಯೊಳಗೆ ಮೊದಲ ಪಟ್ಟಿಯ ಡೊಮೇನ್‌ಗಳು. ಮೈನಸ್ ಮತ್ತು 'ಫ್ರಮ್' ನಡುವೆ ಜಾಗ ಬಿಡಬಾರದು, ಬಿಟ್ಟರೆ ವಿನಾಯಿತಿ ಕೆಲಸ ಮಾಡುವುದಿಲ್ಲ.

'ಡಿಲೀಟ್ ಇಟ್'ಗೆ ಮಾತ್ರ ಟಿಕ್ ಹಾಕಬೇಡಿ. ಮೊದಲ ಎರಡು ಮೂರು ವಾರ 'ಮಾರ್ಕ್ ಆ್ಯಸ್ ರೆಡ್' (ಓದಿದ್ದೆಂದು ಗುರುತಿಸು) ಕೂಡ ಬೇಡ. ಓದದ ಮೇಲ್ ದಪ್ಪಕ್ಷರದಲ್ಲಿ ಕಾಣುತ್ತದೆ, ಲೇಬಲ್ ತೆರೆದು ಎರಡು ನಿಮಿಷ ಕಣ್ಣಾಡಿಸಿದರೆ ತಪ್ಪಿ ಹೋದದ್ದು ಗೊತ್ತಾಗುತ್ತದೆ. ಅದರ ಡೊಮೇನನ್ನು ವಿನಾಯಿತಿಗೆ ಸೇರಿಸಿ. ಹೀಗೆ ನಾಲ್ಕೈದು ಸಲ ತಿದ್ದಿದ ಮೇಲೆ ಫಿಲ್ಟರ್ ಹದಕ್ಕೆ ಬರುತ್ತದೆ. ಜಾಗ ತುಂಬುವ ಚಿಂತೆ ಇದ್ದರೆ (ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ ಉಚಿತವಾಗಿ ಸಿಗುವುದು 15 ಜಿಬಿ) ಆರು ತಿಂಗಳಿಗೊಮ್ಮೆ 'ಜಾಹೀರಾತು' ಲೇಬಲ್ ತೆರೆದು, ಮೇಲಿನ ಚೌಕಕ್ಕೆ ಟಿಕ್ ಹಾಕಿ, ಆಗ ಕಾಣಿಸಿಕೊಳ್ಳುವ 'ಎಲ್ಲ ಸಂಭಾಷಣೆ ಆರಿಸು' ಎಂಬ ಸಾಲನ್ನು ಒತ್ತಿ ಒಟ್ಟಿಗೆ ಅಳಿಸಬಹುದು. ಪ್ರಮೋಷನ್ಸ್ ಎಂಬ ಟ್ಯಾಬ್ ಬಳಸುವವರು, ಅದು ಚೆನ್ನಾಗಿಯೇ ವಿಂಗಡಿಸುತ್ತಿದ್ದರೆ, ಈ ಎರಡನೆಯ ಫಿಲ್ಟರ್ ಇಲ್ಲದೆಯೂ ನಡೆಸಬಹುದು.

ಫಿಲ್ಟರ್ ಪಕ್ಕಕ್ಕಿಡುತ್ತದೆ, ಬರುವುದನ್ನು ನಿಲ್ಲಿಸುವುದಿಲ್ಲ. ನಿಲ್ಲಿಸಬೇಕಾದರೆ ಯಾವ ಬಟನ್ ಎಂಬುದು ಕಳಿಸಿದವರ ಮೇಲೆ ನಿಂತಿದೆ. ನೀವೇ ಎಂದೋ ನೋಂದಾಯಿಸಿದ, ಪರಿಚಿತ ಸಂಸ್ಥೆಯಾದರೆ ಜಿಮೇಲ್ ತಾನೇ ಕಳಿಸಿದವರ ಹೆಸರಿನ ಪಕ್ಕ ತೋರಿಸುವ 'ಅನ್‌ಸಬ್‌ಸ್ಕ್ರೈಬ್' ಒತ್ತಿ. 2024ರ ಫೆಬ್ರುವರಿಯಿಂದ ಗೂಗಲ್ ಮತ್ತು ಯಾಹೂ ಸಗಟು ಮೇಲ್ ಕಳಿಸುವವರಿಗೆ ನಿಯಮ ಬಿಗಿ ಮಾಡಿವೆ. ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ಕ್ಕೂ ಹೆಚ್ಚು ಮೇಲ್ ಕಳಿಸುವವರು ತಮ್ಮ ಪ್ರಚಾರದ ಮೇಲ್‌ಗಳಲ್ಲಿ ಒಂದೇ ಕ್ಲಿಕ್ಕಿನಲ್ಲಿ ಹೊರಬರುವ ದಾರಿ ಕೊಡಬೇಕು, ಕೋರಿಕೆಯನ್ನು ಎರಡು ದಿನದೊಳಗೆ ನಡೆಸಿಕೊಡಬೇಕು. ಗುರುತೇ ಇಲ್ಲದವರ ಮೇಲ್ ಆದರೆ ಒಳಗಿನ ಯಾವ ಕೊಂಡಿಯನ್ನೂ ಮುಟ್ಟಬೇಡಿ, ಅಲ್ಲಿ 'ಅನ್‌ಸಬ್‌ಸ್ಕ್ರೈಬ್' ಎಂದೇ ಬರೆದಿರಲಿ. ಒತ್ತಿದರೆ ಈ ವಿಳಾಸದಲ್ಲಿ ಮನುಷ್ಯರಿದ್ದಾರೆ ಎಂದು ಅವರಿಗೆ ಖಾತ್ರಿಯಾಗುತ್ತದೆ. 'ರಿಪೋರ್ಟ್ ಸ್ಪ್ಯಾಮ್' ಒತ್ತಿ, ಸಾಕು. ಪಾಸ್‌ವರ್ಡ್, ಒಟಿಪಿ, ಕೆವೈಸಿ ಕೇಳುವ ಮೇಲ್ ಆದರೆ ಮೂರು ಚುಕ್ಕಿಯ ಮೆನುವಿನಲ್ಲಿ 'ರಿಪೋರ್ಟ್ ಫಿಶಿಂಗ್' ಇದೆ. 'ಬ್ಲಾಕ್' ಒತ್ತಿದರೆ ಆ ಒಂದು ವಿಳಾಸದಿಂದ ಮುಂದೆ ಬರುವುದು ಸ್ಪ್ಯಾಮ್‌ಗೆ ಹೋಗುತ್ತದೆ, ಅಷ್ಟೆ. ದಿನಕ್ಕೊಂದು ವಿಳಾಸ ಬದಲಿಸುವವರ ಮುಂದೆ ಇದು ವ್ಯರ್ಥ ಶ್ರಮ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 1909 ಸಂಖ್ಯೆಗೆ ಡಿಎನ್‌ಡಿ (ಪ್ರಚಾರದ ಕಾಟ ಬೇಡವೆಂಬ ಕೋರಿಕೆ) ನೋಂದಾಯಿಸಿದ್ದೇವಲ್ಲ ಎಂದು ಕೆಲವರು ಕೇಳುತ್ತಾರೆ. ಅದು ಕರೆ ಮತ್ತು ಎಸ್‌ಎಂಎಸ್‌ಗೆ ಮಾತ್ರ, ಇಮೇಲ್‌ಗೆ ಸಂಬಂಧವಿಲ್ಲ.

ಮುಂದೆ ಹೊಸ ತಾಣಗಳಲ್ಲಿ ನೋಂದಾಯಿಸುವಾಗ ವಿಳಾಸಕ್ಕೊಂದು ಬಾಲ ಸೇರಿಸುವ ಅಭ್ಯಾಸ ಮಾಡಿಕೊಳ್ಳಿ. ನಿಮ್ಮ ಹೆಸರಿನ ನಂತರ, ಅಟ್ ಗುರುತಿನ ಮುಂಚೆ, ಪ್ಲಸ್ ಗುರುತು ಹಾಕಿ 'ಅಂಗಡಿ' ಎಂದೋ 'ಟಿಕೆಟ್' ಎಂದೋ ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಆ ಮೇಲ್ ನಿಮಗೇ ಬರುತ್ತದೆ. 'ಟು' ಖಾನೆಯಲ್ಲಿ ಆ ಪೂರ್ತಿ ವಿಳಾಸ ಕೊಟ್ಟು ಫಿಲ್ಟರ್ ಮಾಡಿದರೆ ಆ ತಾಣದ ಮೇಲ್ ಮಾತ್ರ ಬೇರೆಯಾಗುತ್ತದೆ. ಆ ಬಾಲದ ವಿಳಾಸಕ್ಕೆ ಸಂಬಂಧವೇ ಇಲ್ಲದವರಿಂದ ಮೇಲ್ ಬರತೊಡಗಿದರೆ ನಿಮ್ಮ ವಿಳಾಸ ಎಲ್ಲಿಂದ ಸೋರಿತು ಎಂಬುದೂ ತಿಳಿಯುತ್ತದೆ. ಪ್ಲಸ್ ಗುರುತನ್ನು ಒಪ್ಪದ ತಾಣಗಳು ಸಾಕಷ್ಟಿವೆ, ಬಾಲ ಕತ್ತರಿಸಿ ಬಳಸುವ ಕಿಲಾಡಿಗಳೂ ಇದ್ದಾರೆ. ಬ್ಯಾಂಕು, ತೆರಿಗೆಯಂಥ ಕಡೆ ಈ ಪ್ರಯೋಗ ಬೇಡ, ಅಲ್ಲಿ ಲಾಗಿನ್ ಗೊಂದಲವಾದರೆ ಬಿಡಿಸಿಕೊಳ್ಳುವುದು ಕಷ್ಟ.

ಮಂಜುನಾಥ, ಸುಧಾ, ಬಸವರಾಜ ಎಂಬಂಥ ಹೆಸರಿನ ವಿಳಾಸ ಇರುವವರಿಗೆ ಇನ್ನೊಂದು ಬಗೆಯ ಮೇಲ್ ಬರುತ್ತದೆ: ಯಾರದೋ ವಿದ್ಯುತ್ ಬಿಲ್, ಯಾರದೋ ವಿಮಾ ಪಾಲಿಸಿ. ಜಿಮೇಲ್ ವಿಳಾಸದಲ್ಲಿ ಚುಕ್ಕಿಗೆ ಬೆಲೆಯಿಲ್ಲ. ಹೆಸರು ಮತ್ತು ಇನಿಷಿಯಲ್ ನಡುವೆ ಚುಕ್ಕಿ ಇದ್ದರೂ ಇಲ್ಲದಿದ್ದರೂ ಅದು ಒಂದೇ ಖಾತೆ. ಇನ್ನೊಬ್ಬರು ತಮ್ಮ ವಿಳಾಸ ತಪ್ಪಾಗಿ ಬರೆದುಕೊಟ್ಟಿದ್ದಾರೆ ಎಂದಷ್ಟೇ ಇದರರ್ಥ. ಇದನ್ನು ಸ್ಪ್ಯಾಮ್ ಎಂದು ಒತ್ತಿದರೆ, ನಾಳೆ ಅದೇ ವಿಮಾ ಕಂಪನಿಯಿಂದ ನಿಮಗೆ ಬರುವ ಪಾಲಿಸಿಯೂ ಸ್ಪ್ಯಾಮ್ ಸೇರಬಹುದು. ಸಂಸ್ಥೆಗೆ ತಿಳಿಸಿ, ಇಲ್ಲವೇ ಆ ವಿಳಾಸಕ್ಕೊಂದು ಫಿಲ್ಟರ್ ಹಾಕಿ ಪಕ್ಕಕ್ಕಿಡಿ. 'ಹಣ ಪಾವತಿ ಆಗಿಲ್ಲ, ಕಾರ್ಡ್ ವಿವರ ಕೊಡಿ' ಎಂದರೆ ಕೊಡಬೇಡಿ, ಇನ್ನೊಬ್ಬರ ಖಾತೆಗೆ ನಿಮ್ಮ ದುಡ್ಡು ಹೋಗುತ್ತದೆ.

ಕಾಲೇಜಿನ ಮೇಲ್ ಸ್ಪ್ಯಾಮ್‌ಗೆ ಹೋಗುವುದು

ಇದನ್ನು ವಿದ್ಯಾರ್ಥಿಗಳ ಫಿಲ್ಟರ್‌ನಿಂದ ಸರಿಪಡಿಸಲು ಆಗದು, ಕಳಿಸುವ ಕಡೆಯೇ ಸರಿಯಾಗಬೇಕು. ಕಾಲೇಜಿನ ಡೊಮೇನ್‌ನಿಂದ ನಿಮಗೇ ಬಂದ ಒಂದು ಮೇಲ್ ತೆರೆದು, ಮೂರು ಚುಕ್ಕಿಯ ಮೆನುವಿನಲ್ಲಿ 'ಶೋ ಒರಿಜಿನಲ್' ಒತ್ತಿ. ಮೇಲ್ಗಡೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ಪರೀಕ್ಷೆಗಳ ಫಲಿತಾಂಶ ಇರುತ್ತದೆ. ಈ ಡೊಮೇನ್ ಹೆಸರಿನಲ್ಲಿ ಯಾವ ಯಾವ ಸರ್ವರ್ ಮೇಲ್ ಕಳಿಸಬಹುದು ಎಂಬ ಪಟ್ಟಿ ಎಸ್‌ಪಿಎಫ್. ಡಿಕಿಮ್ ಎಂದರೆ ಮೇಲ್‌ಗೆ ಹಾಕುವ ಡಿಜಿಟಲ್ ಸಹಿ. ಇವೆರಡೂ ತಪ್ಪಿದರೆ ಏನು ಮಾಡಬೇಕೆಂದು ಡೊಮೇನ್‌ನ ಒಡೆಯರು ಹೇಳುವ ಸೂಚನೆ ಡಿಮಾರ್ಕ್. 'ಪಾಸ್' ಇಲ್ಲದೆ 'ಫೇಲ್' ಅಥವಾ 'ಸಾಫ್ಟ್‌ಫೇಲ್' ಕಂಡರೆ, ಇಲ್ಲವೇ ಆ ಸಾಲೇ ಇಲ್ಲದಿದ್ದರೆ, ಕಾಲೇಜಿನ ವೆಬ್‌ಸೈಟ್ ನೋಡಿಕೊಳ್ಳುವವರಿಗೆ ಆ ಪುಟದ ಸ್ಕ್ರೀನ್‌ಶಾಟ್ ಕಳಿಸಿ. ಡೊಮೇನ್‌ನ ಡಿಎನ್‌ಎಸ್ ದಾಖಲೆಯಲ್ಲಿ (ಡೊಮೇನ್‌ನ ವಿವರಗಳನ್ನು ಇಂಟರ್‌ನೆಟ್‌ಗೆ ತಿಳಿಸುವ ಪಟ್ಟಿ) ಕೆಲವು ಸಾಲು ಸೇರಿಸುವ ಕೆಲಸ ಅದು. ಸಾಮಾನ್ಯವಾಗಿ ಆಗುವ ತಪ್ಪೆಂದರೆ ಮೇಲ್ ಸೇವೆ ಬದಲಿಸಿದಾಗ ಹಳೆಯ ಎಸ್‌ಪಿಎಫ್ ಸಾಲನ್ನು ಹಾಗೇ ಬಿಟ್ಟು ಎರಡನೆಯದನ್ನು ಸೇರಿಸುವುದು. ಒಂದು ಡೊಮೇನ್‌ಗೆ ಒಂದೇ ಎಸ್‌ಪಿಎಫ್ ಸಾಲು ಇರಬೇಕು. ಎರಡಿದ್ದರೆ ಪರೀಕ್ಷೆಯೇ ಕೆಟ್ಟುಹೋಗುತ್ತದೆ. ಅದು ಸರಿಯಾಗುವವರೆಗೆ ವಿದ್ಯಾರ್ಥಿಗಳಿಗೆ ಸ್ಪ್ಯಾಮ್ ನೋಡಿ 'ನಾಟ್ ಸ್ಪ್ಯಾಮ್' ಒತ್ತಲು, ಕಾಲೇಜಿನ ವಿಳಾಸವನ್ನು ಕಾಂಟ್ಯಾಕ್ಟ್ಸ್‌ಗೆ ಸೇರಿಸಿಕೊಳ್ಳಲು ಹೇಳಿ.

ನೀವೂ ವಾರಕ್ಕೊಮ್ಮೆ ಸ್ಪ್ಯಾಮ್ ಫೋಲ್ಡರ್ ನೋಡಿ. ಅಲ್ಲಿಯೂ 30 ದಿನದ ಗಡುವೇ. ಪೂರ್ತಿ ಓದಬೇಕಿಲ್ಲ, ನಿಮ್ಮ ಪೂರ್ಣ ಹೆಸರನ್ನು ಅದರೊಳಗೆ ಹುಡುಕಿದರೆ ಅಸಲಿ ಮೇಲ್‌ಗಳು ಬೇಗ ಸಿಗುತ್ತವೆ, ಏಕೆಂದರೆ ಸಗಟು ಸ್ಪ್ಯಾಮ್ ಹೆಚ್ಚಾಗಿ 'ಡಿಯರ್ ಕಸ್ಟಮರ್' ಎಂದೇ ಶುರುವಾಗುತ್ತದೆ.

ಕೊನೆಗೆ ಎರಡು ಅಪಾಯದ ಗುರುತು ಹೇಳಬೇಕು. ಒಂದೆರಡು ಗಂಟೆಯಲ್ಲಿ ನೂರಾರು ಮೇಲ್ ಬಂದು ಬಿದ್ದರೆ, ಎಲ್ಲವೂ ಗೊತ್ತಿಲ್ಲದ ತಾಣಗಳಿಂದ 'ನೋಂದಾಯಿಸಿದ್ದಕ್ಕೆ ಧನ್ಯವಾದ' ಎನ್ನುತ್ತಿದ್ದರೆ, ಅಳಿಸುತ್ತ ಕೂರಬೇಡಿ. ಬ್ಯಾಂಕಿನಿಂದ ಬರುವ ಒಂದು ಎಚ್ಚರಿಕೆಯ ಮೇಲ್ ಆ ರಾಶಿಯಡಿ ಹೂತುಹೋಗಲಿ ಎಂದು ವಂಚಕರು ಹೀಗೆ ಮಾಡುತ್ತಾರೆ. ತಕ್ಷಣ ಬ್ಯಾಂಕ್ ಖಾತೆ, ಕಾರ್ಡ್ ವಹಿವಾಟು ನೋಡಿ. ಹಣ ಹೋಗಿದ್ದರೆ ಬ್ಯಾಂಕಿಗೆ ತಿಳಿಸಿ, ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ. ನಿಮ್ಮ 'ಹಣಕಾಸು' ಲೇಬಲ್ ಇಂಥ ಹೊತ್ತಿನಲ್ಲಿ ಬಹಳ ಉಪಕಾರಕ್ಕೆ ಬರುತ್ತದೆ, ರಾಶಿಯ ನಡುವಿನಿಂದ ಬ್ಯಾಂಕಿನ ಮೇಲನ್ನು ಅದು ಎತ್ತಿ ತೋರಿಸುತ್ತದೆ.

ಇನ್ನೊಂದು ಇದಕ್ಕಿಂತ ಗುಪ್ತವಾದದ್ದು. ಖಾತೆಯೊಳಗೆ ನುಗ್ಗಿದವರು ಮೊದಲು ಮಾಡುವ ಕೆಲಸಗಳಲ್ಲಿ ಒಂದು, ಬ್ಯಾಂಕಿನ ಮೇಲ್ ಬಂದರೆ ತಮಗೆ ಫಾರ್ವರ್ಡ್ ಆಗಿ ನಿಮ್ಮಲ್ಲಿ ಡಿಲೀಟ್ ಆಗುವಂಥ ಫಿಲ್ಟರ್ ಹಾಕಿಡುವುದು. ಪಾಸ್‌ವರ್ಡ್ ಬದಲಿಸಿದರೂ ಆ ಫಿಲ್ಟರ್ ಹಾಗೇ ಉಳಿದು ಕೆಲಸ ಮಾಡುತ್ತಲೇ ಇರುತ್ತದೆ. ಈಗ ಹಳೆಯ ಫಿಲ್ಟರ್ ತೆಗೆಯಲು ಹೋದಾಗ ಪಟ್ಟಿಯನ್ನು ಪೂರ್ತಿ ಓದಿ, ನೀವು ಹಾಕದ್ದು ಯಾವುದಾದರೂ ಇದ್ದರೆ ತೆಗೆಯಿರಿ. ಪಕ್ಕದ 'ಫಾರ್ವರ್ಡಿಂಗ್' ಪುಟವನ್ನೂ ನೋಡಿ. ಅಪರಿಚಿತ ವಿಳಾಸ ಕಂಡರೆ ಅದನ್ನು ತೆಗೆದು, ಪಾಸ್‌ವರ್ಡ್ ಬದಲಿಸಿ, ಎರಡು ಹಂತದ ಲಾಗಿನ್ ಹಾಕಿ. ಹೊಸ ಫಿಲ್ಟರ್‌ಗಳೆಲ್ಲ ಹದಕ್ಕೆ ಬಂದ ಮೇಲೆ ಅದೇ ಪಟ್ಟಿಯಲ್ಲಿ ಎಲ್ಲಕ್ಕೂ ಟಿಕ್ ಹಾಕಿ 'ಎಕ್ಸ್‌ಪೋರ್ಟ್' ಒತ್ತಿದರೆ ಒಂದು ಚಿಕ್ಕ ಫೈಲ್ ಇಳಿಯುತ್ತದೆ. ಮನೆಯವರ ಖಾತೆಗಳಿಗೂ ಅದನ್ನು 'ಇಂಪೋರ್ಟ್' ಮಾಡಿಕೊಡಬಹುದು.